ಬೇಟೆ ನಿಂತರೂ ಬಾತುಗಳು ಸಾಯುತ್ತಿವೆ: ಕೆಸರಿನಲ್ಲಿ ಉಳಿದ ಸೀಸದ ಚರೆಗೆ ಏನು ಮಾಡುವುದು?

ಹಿನ್ನೀರು (ಪ್ರಶ್ನೆ)

ಹಲವು ದಶಕ ಸೀಸದ ಚರೆಯಿಂದ, ಅಂದರೆ ತೋಟಾದೊಳಗಿನ ಸಣ್ಣ ಸೀಸದ ಗುಂಡುಗಳಿಂದ, ಬಾತುಬೇಟೆ ನಡೆದು, ಈಗ ಬೇಟೆ ಪೂರ್ತಿ ನಿಂತಿರುವ ಒಂದು ಜೌಗಿನ ವಿಷಯ. ವಿಸ್ತಾರ ಸುಮಾರು 40 ಹೆಕ್ಟೇರ್. ಹೆಚ್ಚಿನ ಕಡೆ ನೀರು ಮೊಣಕಾಲು ಮುಟ್ಟುವುದಿಲ್ಲ, ತಳ ಗಟ್ಟಿ ಜೇಡಿ. ಮಟ್ಟ ಏರಿಳಿಸಲು ತೂಬು ಇದೆ. ಚಳಿಗಾಲದ ಕೊನೆಗೆ, ವಲಸೆ ಹಕ್ಕಿಗಳು ವಾಪಸು ಹೊರಡುವ ಮುಂಚಿನ ವಾರಗಳಲ್ಲಿ, ಸೂಜಿಬಾಲದ ಬಾತು ಮತ್ತು ಮಲ್ಲಾರ್ಡ್‌ಗಳು ಒಂದೊಂದಾಗಿ ಸಾಯುತ್ತವೆ. ರಾಶಿರಾಶಿಯಾಗಿ ಅಲ್ಲ. ಜೊಂಡಿನ ಸಂದಿಯಲ್ಲಿ ಇಲ್ಲೊಂದು ಅಲ್ಲೊಂದು, ಎಲ್ಲವೂ ಎಲುಬು ಎದ್ದು ಕಾಣುವಷ್ಟು ಬಡಕಲು.

ಕೇಳಬೇಕಾದದ್ದು ಇಷ್ಟು:

1. ಇದು ಸೀಸದ ವಿಷವೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಬಾಟ್ಯುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಬರುವ ಪಾರ್ಶ್ವವಾಯು), ಹಕ್ಕಿಜ್ವರದಿಂದ ಬೇರ್ಪಡಿಸುವುದು ಹೇಗೆ?
2. ಕೆಸರಿನಲ್ಲಿ ಎಷ್ಟು ಚರೆ ಇದೆ ಎಂದು ಅಳೆಯುವ ನಂಬಲರ್ಹ ವಿಧಾನ ಯಾವುದು?
3. ಇದ್ದರೆ ತೆಗೆಯಬೇಕೆ, ಹೂಳಬೇಕೆ, ನೀರು ನಿಲ್ಲಿಸಿದರೆ ಸಾಕೆ?
4. ಪಕ್ಕದ ಜೌಗಿನಲ್ಲಿ ಬೇಟೆಗೆ ಇನ್ನೂ ಅನುಮತಿ ಇದೆ. ಅಲ್ಲಿನವರು "ಉಕ್ಕಿನ ಚರೆ ಹಕ್ಕಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ಬಿಡುತ್ತದೆ, ಕೋವಿಯನ್ನೂ ಹಾಳು ಮಾಡುತ್ತದೆ" ಎನ್ನುತ್ತಾರೆ. ಅದರಲ್ಲಿ ನಿಜವೆಷ್ಟು?

ಪಕ್ಷಿರೋಗ

ನೀವು ಬರೆದ ಚಿತ್ರ ಸೀಸಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಹೊಂದುತ್ತದೆ ಎಂಬ ಕಾರಣಕ್ಕೇ ಬರೆದು ಮುಗಿಸಬೇಡಿ.

ಸೀಸ ಒಳಹೋಗುವ ದಾರಿ ಮೊದಲು. ಬಾತಿಗೆ ಹಲ್ಲಿಲ್ಲ, ಗಟ್ಟಿ ಕಾಳನ್ನು ಅರೆಯಲು ಸಣ್ಣ ಹರಳುಗಳನ್ನು ನುಂಗಿ ಗಿಜರ್ಡಿನಲ್ಲಿ, ಅಂದರೆ ಅರೆಯುವ ಜಠರದಲ್ಲಿ, ಇಟ್ಟುಕೊಳ್ಳುತ್ತದೆ. ಎರಡೂವರೆ, ಮೂರು ಮಿಲಿಮೀಟರಿನ ಚರೆ ಅದಕ್ಕೆ ಹರಳೂ ಹೌದು, ಬೀಜವೂ ಹೌದು. ಗಿಜರ್ಡಿನ ಆಮ್ಲ ಬಲು ತೀಕ್ಷ್ಣ, ಪಿಎಚ್ 2ರ ಆಸುಪಾಸು. ಜತೆಗೆ ಸ್ನಾಯು ಹಗಲೂ ರಾತ್ರಿ ಉಜ್ಜುತ್ತದೆ. ಹೊರಗೆ ಹಾದುಹೋಗದೆ ಅಲ್ಲೇ ಉಳಿದ ಚರೆ ಸುಮಾರು ಮೂರು ವಾರದಲ್ಲಿ ಸವೆದು ಕರಗುತ್ತದೆ, ಕರಗಿದ್ದು ರಕ್ತಕ್ಕೆ ಸೇರುತ್ತದೆ. ಒಂದೇ ಚರೆ ಸಾಕಾಗಬಹುದು, ವಿಶೇಷವಾಗಿ ಹಕ್ಕಿ ಜೋಳದಂಥ ಗಟ್ಟಿ ಕಾಳನ್ನೇ ತಿನ್ನುತ್ತಿದ್ದಾಗ. ಹಸಿರು ಸೊಪ್ಪು, ಹುಳುಹುಪ್ಪಟೆ ತಿನ್ನುವ ಹಕ್ಕಿ ಅಷ್ಟೇ ಚರೆ ನುಂಗಿಯೂ ಬದುಕಿಕೊಳ್ಳುವುದುಂಟು. ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಹೆಚ್ಚಿದ್ದಷ್ಟೂ ಹಾನಿ ಕಡಿಮೆ.

ಜೀವಂತ ಹಕ್ಕಿಯಲ್ಲಿ ನೋಡಬೇಕಾದದ್ದು: ರೆಕ್ಕೆಗಳು ಮನೆಯ ಮಾಡಿನಂತೆ ಬೆನ್ನಿನ ಇಬ್ಬದಿಗೆ ಇಳಿಬಿದ್ದಿರುತ್ತವೆ, ಓಡುತ್ತದೆ ಆದರೆ ಹಾರುವುದಿಲ್ಲ, ಮಲದ್ವಾರದ ಸುತ್ತ ಗರಿಗಳಿಗೆ ಹಸಿರು ಕಲೆ. ಹೆಬ್ಬಾತುಗಳಲ್ಲಿ ಕೂಗು ಕೀರಲಾಗುತ್ತದೆ. ಗುಂಡೇಟು ತಿಂದ ಹಕ್ಕಿಯೆಂದು ತಪ್ಪು ತಿಳಿಯುವುದು ಇಲ್ಲೇ.

ಬಾಟ್ಯುಲಿಸಂ ಬೇರೆ ರೀತಿ. ಅದು ಹೆಚ್ಚಾಗಿ ಬಿಸಿಲಿನ ತಿಂಗಳುಗಳಲ್ಲಿ ಬರುತ್ತದೆ, ಹಕ್ಕಿ ಮೈತುಂಬಿಕೊಂಡೇ ಇರುತ್ತದೆ, ಕುತ್ತಿಗೆ ಎತ್ತಲಾರದೆ ಸಾಯುತ್ತದೆ. ಹಕ್ಕಿಕಾಲರಾ ಮತ್ತು ಹಕ್ಕಿಜ್ವರದಲ್ಲೂ ಸಾವು ಬೇಗ, ಮೈಯಲ್ಲಿ ಕೊಬ್ಬು ಉಳಿದಿರುತ್ತದೆ. ಎದೆಮೂಳೆ ಚಾಕುವಿನ ಅಂಚಿನಂತೆ ಕೈಗೆ ತಾಗಿದರೆ ವಾರಗಟ್ಟಲೆ ಎಳೆದ ಕಾಯಿಲೆ ಎಂದರ್ಥ. ಹಾಗಿದ್ದರೂ ಯಾವ ಕಳೇಬರವನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು, ಮಾಸ್ಕ್, ಕನ್ನಡಕ ಹಾಕಿಕೊಂಡೇ ಎತ್ತಿ. ಹಕ್ಕಿಜ್ವರದ ಸ್ವ್ಯಾಬ್ ಫಲಿತಾಂಶ ಬಂದಮೇಲೆಯೇ ಕೊಯ್ಯಿರಿ.

ಕೊಯ್ದಾಗ: ಪಿತ್ತಕೋಶ ಊದಿ, ಒಳಗೆ ದಟ್ಟ ಕಡುಹಸಿರು ಪಿತ್ತ. ಗಿಜರ್ಡಿನ ಒಳಪದರ ಒಣಗಿದ ಮರದ ತೊಗಟೆಯಂತೆ ಬಿರಿದು, ಪಿತ್ತ ಮೇಲೇರಿ ಹಸಿರಾಗಿರುತ್ತದೆ. ಹಂಸ, ಹೆಬ್ಬಾತುಗಳಲ್ಲಿ ನರ ಸತ್ತು ಆಹಾರ ಮುಂದೆ ಸಾಗದೆ ಅನ್ನನಾಳದ ತನಕ ಕಟ್ಟಿಕೊಂಡಿರುವುದು ಸಾಮಾನ್ಯ. ಬಾತುಗಳಲ್ಲಿ ಅಷ್ಟು ಕಾಣುವುದಿಲ್ಲ. ಗಿಜರ್ಡನ್ನು ಕೊಯ್ಯುವ ಮೊದಲೇ ಎಕ್ಸ್‌ರೇ ತೆಗೆಸಿ, ಆಮೇಲೆ ಒಳಗಿನದ್ದನ್ನು ತೊಳೆದು ಬಿಳಿ ತಟ್ಟೆಯಲ್ಲಿ ಹರಡಿ.

ಇಲ್ಲಿ ಒಂದು ಸೂಕ್ಷ್ಮ. ತಟ್ಟೆಯಲ್ಲಿ ಸಿಕ್ಕ ಚರೆ ನುಂಗಿದ್ದೋ, ಗುಂಡೇಟಿನಿಂದ ಒಳಹೊಕ್ಕಿದ್ದೋ? ನುಂಗಿದ್ದು ಸವೆದು ತೊಗರಿಬೇಳೆಯಂತೆ ಚಪ್ಪಟೆಯಾಗಿರುತ್ತದೆ. ಲೆನ್ಸ್ ಹಿಡಿದರೆ ಮೈಮೇಲೆ ಹರಳು ಗೀರಿದ ಸಣ್ಣ ಗೆರೆಗಳು, ಅಂಚು ನುಣುಪು. ಏಟಿನದ್ದು ಗುಂಡಗೇ ಇರುತ್ತದೆ ಅಥವಾ ಎಲುಬಿಗೆ ಬಡಿದು ಒಂದೇ ಕಡೆ ತಗ್ಗಾಗಿರುತ್ತದೆ. ಜತೆಗೆ ಗರಿಯ ಎಳೆ ಅಂಟಿರುತ್ತದೆ, ಗಿಜರ್ಡಿನ ಗೋಡೆಯಲ್ಲಿ ತೂತು ಸಿಗುತ್ತದೆ. ತೂತು ಹುಡುಕದೆ ಎಣಿಸಿದ ಲೆಕ್ಕಕ್ಕೆ ಬೆಲೆಯಿಲ್ಲ.

ಗಿಜರ್ಡಿನಲ್ಲಿ ಚರೆ ಸಿಗಲಿಲ್ಲ ಎಂದು ಸೀಸವನ್ನು ತಳ್ಳಿಹಾಕುವಂತೆಯೂ ಇಲ್ಲ. ಹಕ್ಕಿ ಸಾಯುವ ಹೊತ್ತಿಗೆ ಚರೆ ಪೂರ್ತಿ ಕರಗಿರಬಹುದು. ತೀರ್ಪು ಕೊಡುವುದು ಯಕೃತ್ತು. 5 ಗ್ರಾಂ ತುಂಡು, ಸ್ವಚ್ಛ ಪ್ಲಾಸ್ಟಿಕ್ ಚೀಲ, ಮೈನಸ್ 20 ಡಿಗ್ರಿ. ಫಾರ್ಮಲಿನ್‌ಗೆ ಹಾಕಬೇಡಿ. ಹಸಿ ತೂಕದ ಲೆಕ್ಕದಲ್ಲಿ ಕಿಲೋಗೆ 2 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹಿನ್ನೆಲೆ ಮಟ್ಟ. 2ರಿಂದ 6 ಹೊರಗೆ ಕಾಣದ ವಿಷ. 6ರಿಂದ 10 ರೋಗಲಕ್ಷಣದ ಮಟ್ಟ. 10 ದಾಟಿದರೆ ತೀವ್ರ. ವರದಿ ಹಸಿ ತೂಕದ್ದೋ ಒಣ ತೂಕದ್ದೋ ಎಂದು ಪ್ರಯೋಗಾಲಯವನ್ನು ಕೇಳಲೇಬೇಕು. ಒಣ ತೂಕದ ಅಂಕಿ ಮೂರು ಪಟ್ಟಿಗೂ ಹೆಚ್ಚಿರುತ್ತದೆ, ಅದನ್ನು ಹಸಿ ಎಂದು ಓದಿ ಆರೋಗ್ಯವಂತ ಹಕ್ಕಿಯನ್ನು ವಿಷದ ಪಟ್ಟಿಗೆ ಸೇರಿಸಿದ ಲೆಕ್ಕಗಳಿವೆ.

ಬದುಕಿರುವ ಹಕ್ಕಿಯಲ್ಲಿ ರಕ್ತ: ಡೆಸಿಲೀಟರಿಗೆ 20 ಮೈಕ್ರೋಗ್ರಾಂ ತನಕ ಹಿನ್ನೆಲೆ, 20ರಿಂದ 50 ಸುಪ್ತ, 50ರಿಂದ 100 ರೋಗ, 100ರ ಮೇಲೆ ತೀವ್ರ. ಲೆಡ್‌ಕೇರ್‌ನಂಥ ಕೈಯಂತ್ರಕ್ಕೆ ಒಂದು ಹನಿ, 50 ಮೈಕ್ರೋಲೀಟರ್, ಸಾಕು. ಆದರೆ ಅದು 65ರ ಮೇಲೆ ಅಂಕಿಯನ್ನೇ ಕೊಡುವುದಿಲ್ಲ. ಮನುಷ್ಯರ ರಕ್ತಕ್ಕೆ ಹೊಂದಿಸಿದ ಯಂತ್ರವಾದ್ದರಿಂದ ಹಕ್ಕಿಯ ರಕ್ತದಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸುವುದೂ ಉಂಟು. ಜರಡಿ ಹಿಡಿಯಲು ಬಳಸಿ, ಪ್ರಕಟಿಸುವ ಅಂಕಿಗೆ ಪ್ರಯೋಗಾಲಯಕ್ಕೇ ಕಳಿಸಿ. ಎಎಲ್‌ಎಡಿ ಕಿಣ್ವ (ಸೀಸ ಸೇರಿದಾಗ ರಕ್ತದಲ್ಲಿ ಇದರ ಚಟುವಟಿಕೆ ಕುಗ್ಗುತ್ತದೆ) ಅಳೆಯುವುದಾದರೆ ಹೆಪಾರಿನ್ ಕೊಳವೆ ಬೇಕು. ಇಡಿಟಿಎ ಕೊಳವೆ ಆ ಕಿಣ್ವಕ್ಕೆ ಬೇಕಾದ ಸತುವನ್ನೇ ಕಿತ್ತುಕೊಳ್ಳುತ್ತದೆ.

ಹಂಸಗಳೂ ಸಾಯುತ್ತಿದ್ದರೆ ಚರೆಯ ಜತೆಗೆ ಮೀನುಗಾಳದ ಸೀಸದ ಗುಂಡುಗಳನ್ನೂ ಹುಡುಕಿ. ಥೇಮ್ಸ್ ನದಿಯ ಹಂಸಗಳನ್ನು ಇಳಿಮುಖ ಮಾಡಿದ್ದು ಆ ಗುಂಡುಗಳೇ. ಬ್ರಿಟನ್ 1987ರಲ್ಲಿ 0.06 ಗ್ರಾಂನಿಂದ 28.35 ಗ್ರಾಂ ತನಕದ ಗಾಳದ ಸೀಸದ ಮಾರಾಟ ನಿಲ್ಲಿಸಿದಮೇಲೆ ಅವುಗಳ ಸಂಖ್ಯೆ ಚೇತರಿಸಿಕೊಂಡಿತು.

ಕೆಸರುಜರಡಿ

ಎರಡನೇ ಪ್ರಶ್ನೆಗೆ. ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕಾದದ್ದು: ನೆಲದಲ್ಲಿ ಒಟ್ಟು ಎಷ್ಟು ಸೀಸ ಇದೆ ಎಂಬುದು ಬಾತಿಗೆ ಸಂಬಂಧಿಸಿದ ಪ್ರಶ್ನೆಯೇ ಅಲ್ಲ. ಅದರ ಕೊಕ್ಕಿಗೆ ಎಟುಕುವ ಪದರದಲ್ಲಿ ಎಷ್ಟಿದೆ ಎಂಬುದಷ್ಟೇ ಲೆಕ್ಕ. ಆದ್ದರಿಂದ ರಾಸಾಯನಿಕ ಪ್ರಯೋಗಾಲಯಕ್ಕೆ ಮಣ್ಣು ಕೊಟ್ಟು "ಸೀಸ ಇಷ್ಟು" ಎಂಬ ಅಂಕಿ ತಂದರೆ ಉಪಯೋಗ ಕಡಿಮೆ. ಚರೆಗಳನ್ನೇ ಒಂದೊಂದಾಗಿ ಎಣಿಸಬೇಕು, ಆಳದ ಪದರಗಳ ಪ್ರಕಾರ.

ಉಪಕರಣ: ಒಳವ್ಯಾಸ 10 ಸೆಂಟಿಮೀಟರ್ ಇರುವ, ಒಂದು ಬಾಯಿ ಹರಿತ ಮಾಡಿದ ಪೈಪು, 30 ಸೆಂಟಿಮೀಟರ್ ಆಳಕ್ಕೆ ಇಳಿಯುವಷ್ಟು ಉದ್ದ. ಮೇಲಿನ ಬಾಯಿಗೆ ರಬ್ಬರ್ ಬಿರಡೆ, ಎತ್ತುವಾಗ ಕೆಸರು ಜಾರದಂತೆ. ಎತ್ತಿದ್ದನ್ನು 0–5, 5–10, 10–20, 20–30 ಸೆಂಟಿಮೀಟರ್ ಎಂದು ಕತ್ತರಿಸಿ ಬೇರೆ ಬೇರೆ ಚೀಲಕ್ಕೆ ಹಾಕಿ. ಕಡ್ಡಿಕಸ ತಡೆಯಲು ಮೇಲೆ 5 ಮಿಲಿಮೀಟರ್ ಜರಡಿ, ಚರೆ ಹಿಡಿಯಲು ಕೆಳಗೆ 1 ಮಿಲಿಮೀಟರ್ ಜರಡಿ. 2 ಮಿಲಿಮೀಟರ್ ಜರಡಿಯೊಂದನ್ನೇ ಇಟ್ಟರೆ ಸವೆದು ಚಿಕ್ಕದಾದ ಹಳೆಯ ಚರೆಗಳು ಕೆಳಗೆ ಜಾರಿಬಿಡುತ್ತವೆ. ಉಳಿದದ್ದನ್ನು ಒಣಗಿಸಿ ತಟ್ಟೆಯಲ್ಲಿ ಹರಡಿ ಎಕ್ಸ್‌ರೇ ತೆಗೆದರೆ ಕೆಲಸ ಹತ್ತು ಪಟ್ಟು ಬೇಗ. ಕಪ್ಪು ಗುಂಡು ಬೀಜಗಳನ್ನು ಚರೆ ಎಂದು ಎಣಿಸುವ ತಪ್ಪೂ ತಪ್ಪುತ್ತದೆ.

ಸಿಕ್ಕ ಚರೆ ಯಾವ ಲೋಹದ್ದು? ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಅಂಟದೆ, ಬ್ಲೇಡಿಗೆ ಬೆಣ್ಣೆಯಂತೆ ಕೊಯ್ದರೆ ಸೀಸ. ಇಕ್ಕಳದಲ್ಲಿ ಒತ್ತಿದಾಗ ಪುಡಿಯಾದರೆ ಬಿಸ್ಮತ್. ಹಳೆಯ ಸೀಸದ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ, ಅದು ಸೀಸದ ಕಾರ್ಬೊನೇಟ್. ಪೊರೆ ಕಟ್ಟಿದ ಮೇಲೆ ಚರೆ ನೀರಿನಲ್ಲಿ ಕರಗುವುದು ತೀರಾ ನಿಧಾನ. ದಶಕಗಳು, ಕೆಲವು ಮಣ್ಣಿನಲ್ಲಿ ಶತಮಾನಗಳೂ ಹಿಡಿಯುತ್ತವೆ. ಬೇಟೆ ನಿಂತರೂ ಸಾವು ನಿಲ್ಲದಿರುವುದಕ್ಕೆ ಕಾರಣ ಇದೇ. ನಿಮ್ಮ ತಳ ಗಟ್ಟಿ ಜೇಡಿ ಎಂದಿರಿ. ಮೆತ್ತನೆ ಕೆಸರಿನಲ್ಲಾದರೆ ಚರೆ ತಾನಾಗಿ ಇಳಿದು ಹೋಗುತ್ತದೆ, ಗಟ್ಟಿ ತಳದಲ್ಲಿ ಮೇಲೆಯೇ ಕೂತಿರುತ್ತದೆ.

ಈಗ ಎಲ್ಲರೂ ಎಡವುವ ಜಾಗ, ಮಾದರಿಗಳ ಸಂಖ್ಯೆ. 10 ಸೆಂಟಿಮೀಟರ್ ಪೈಪಿನ ಬಾಯಿ 78.5 ಚದರ ಸೆಂಟಿಮೀಟರ್. ಅಂದರೆ ಒಂದು ಪೈಪಿನಲ್ಲಿ ಸಿಕ್ಕ ಒಂದು ಚರೆ ಚದರ ಮೀಟರಿಗೆ 127 ಚರೆಗೆ ಸಮ. 60 ಕಡೆ ತೋಡಿದರೂ ನೀವು ನೋಡಿದ ನೆಲ ಅರ್ಧ ಚದರ ಮೀಟರ್ ಕೂಡ ಇಲ್ಲ, 0.47. ಆ 60ರಲ್ಲೂ ಒಂದೂ ಚರೆ ಸಿಗದಿದ್ದರೆ ಹೇಳಬಹುದಾದದ್ದು "ಇಲ್ಲ" ಎಂದಲ್ಲ, "95% ಭರವಸೆಯಿಂದ, ಚದರ ಮೀಟರಿಗೆ ಸುಮಾರು 6ಕ್ಕಿಂತ ಹೆಚ್ಚಿರಲಾರದು" ಎಂದಷ್ಟೇ. ಚದರ ಮೀಟರಿಗೆ 6 ಎಂದರೆ ಹೆಕ್ಟೇರಿಗೆ 60,000. ಅದು ಬಾತಿಗೆ ಕಡಿಮೆಯೇನಲ್ಲ. ಸ್ಪೇನಿನ ಎಬ್ರೊ ನದೀಮುಖಜದಂಥ ಮೆಡಿಟರೇನಿಯನ್ ಜೌಗುಗಳಲ್ಲಿ ಚದರ ಮೀಟರಿಗೆ 200 ದಾಟಿದ ಜಾಗಗಳು ಸಿಕ್ಕಿವೆ.

ಆದ್ದರಿಂದ 40 ಹೆಕ್ಟೇರಿಗೂ ಸಮನಾಗಿ ಹರಡಬೇಡಿ. ಹಳೆಯ ಬೇಟೆಮರೆಗಳು ಎಲ್ಲಿದ್ದವು, ಗುಂಡು ಯಾವ ದಿಕ್ಕಿಗೆ ಹಾರುತ್ತಿತ್ತು ಎಂದು ನಕ್ಷೆ ಮಾಡಿ. 2.6 ಮಿಲಿಮೀಟರ್ ಸೀಸದ ಚರೆ ಹೆಚ್ಚೆಂದರೆ 200 ಮೀಟರ್ ಹೋಗುತ್ತದೆ. ಪ್ರತಿ ಮರೆಯಿಂದ ಬೀಸಣಿಗೆಯಾಕಾರದಲ್ಲಿ ಆ ದೂರದ ತನಕ ಒಂದು ವಲಯ, ಉಳಿದದ್ದು ಇನ್ನೊಂದು ವಲಯ. ಮೊದಲನೆಯದಕ್ಕೆ ಮೂರನೇ ಎರಡು ಪಾಲು ಮಾದರಿ ಕೊಡಿ. ಶುರುಮಾಡುವ ಮುನ್ನ ಒಂದು ಪರೀಕ್ಷೆ: ಚರೆಯಿಲ್ಲದ ಕೆಸರಿಗೆ 20 ಚರೆ ಬೆರೆಸಿ, ವಿಷಯ ಗೊತ್ತಿಲ್ಲದವರ ಕೈಗೆ ಜರಡಿ ಹಿಡಿಯಲು ಕೊಡಿ. 19ಕ್ಕಿಂತ ಕಡಿಮೆ ವಾಪಸು ಬಂದರೆ ನಿಮ್ಮ ತೊಳೆಯುವ ಕ್ರಮದಲ್ಲೇ ಸೋರಿಕೆಯಿದೆ.

ಹಿನ್ನೀರು

ಇಬ್ಬರಿಗೂ ವಂದನೆ. ಮರೆಗಳ ಮುಂದಿನ ಸುಮಾರು 6 ಹೆಕ್ಟೇರಿನಲ್ಲಿ, ಮೇಲಿನ 10 ಸೆಂಟಿಮೀಟರಿನೊಳಗೇ ಚರೆ ಸಿಕ್ಕಿತು ಎಂದುಕೊಳ್ಳೋಣ. ತೂಬು ಮುಚ್ಚಿ ನೀರು ಏರಿಸುವುದೋ, ಬತ್ತಿಸಿ ಉಳುವುದೋ? ಎರಡಕ್ಕೂ ಅವಕಾಶವಿದೆ.

ತೂಬುಕಾವಲು

ಮೊದಲ ಚಳಿಗಾಲಕ್ಕೆ ನೀರು. ಉಳುಮೆಗೆ ಒಂದು ಬೇಸಿಗೆ ಕಾಯಬೇಕು, ಅಲ್ಲಿಯ ತನಕ ಹಕ್ಕಿ ಕಾಯುವುದಿಲ್ಲ.

ಮಲ್ಲಾರ್ಡ್ ತಲೆಕೆಳಗಾಗಿ ಬಾಲ ಮೇಲೆ ಮಾಡಿ ಮುಳುಗಿದಾಗ ಕೊಕ್ಕು ಸುಮಾರು 40–45 ಸೆಂಟಿಮೀಟರ್ ಆಳ ಮುಟ್ಟುತ್ತದೆ. ಸೂಜಿಬಾಲದ ಬಾತಿನ ಕುತ್ತಿಗೆ ಉದ್ದ, ಇನ್ನೂ ತುಸು ಕೆಳಗೆ ಎಟುಕುತ್ತದೆ. ಹಾಗಾಗಿ ಚರೆವಲಯದ ಅತಿ ಎತ್ತರದ ದಿಬ್ಬದ ಮೇಲೂ 60 ಸೆಂಟಿಮೀಟರ್ ನೀರು ನಿಲ್ಲಬೇಕು. ತೂಬಿನ ಬಳಿಯ ಅಳತೆಗೋಲು ನೋಡಿ ಸಮಾಧಾನಪಟ್ಟರೆ ಕೆಟ್ಟಿತು. ತಳದ ಏರುತಗ್ಗು ಅಳೆದು, ಎಲ್ಲಕ್ಕಿಂತ ಆಳ ಕಡಿಮೆಯಿರುವ ಜಾಗದಲ್ಲೇ ಗೋಲು ನೆಡಿ. ಹಕ್ಕಿಗಳು ಬರುವ ಮೊದಲೇ ಮಟ್ಟ ಏರಿರಬೇಕು, ಅವು ಹೊರಟಮೇಲೆಯೇ ಇಳಿಯಬೇಕು. ಚಳಿಗಾಲದ ನಡುವೆ ಮಟ್ಟ ಇಳಿಸುವುದು ಅತಿ ಕೆಟ್ಟದ್ದು: ಹೊಸದಾಗಿ ತೆರೆದ ಅಂಚಿಗೆ ಹಸಿದ ಬಾತುಗಳೆಲ್ಲ ಒಟ್ಟಿಗೆ ಮುಗಿಬೀಳುತ್ತವೆ.

ಈ ಉಪಾಯಕ್ಕೆ ಎರಡು ಮಿತಿ. ಹಂಸ ಸುಮಾರು ಒಂದು ಮೀಟರ್ ಆಳಕ್ಕೆ ಎಟುಕುತ್ತದೆ. ಪೋಚಾರ್ಡ್, ಟಫ್ಟೆಡ್ ಬಾತುಗಳಂಥ ಮುಳುಗುವ ಜಾತಿಗಳಿಗೆ ನೀವು ಮಾಡಿಕೊಟ್ಟ ಆಳವೇ ಅನುಕೂಲ. ಅವು ನಿಮ್ಮಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬರುತ್ತವೆಯಾದರೆ ನೀರು ಏರಿಸುವುದರಿಂದ ಸಾವು ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟುತ್ತದೆ. ಮೊದಲು ಎಣಿಕೆಯ ಪಟ್ಟಿ ನೋಡಿ. ಜೌಗಿನ ಉಳಿದ 34 ಹೆಕ್ಟೇರಿನಲ್ಲಿ ಆಳವಿಲ್ಲದ ಮೇವಿನ ಜಾಗ ಧಾರಾಳವಾಗಿ ಉಳಿದಿರಬೇಕು ಎಂಬುದನ್ನೂ ಮರೆಯಬೇಡಿ.

ಬೇಸಿಗೆಯಲ್ಲಿ ಉಳುಮೆ. ಟ್ರ್ಯಾಕ್ಟರ್ ಹೂತುಹೋಗದಷ್ಟು ನೆಲ ಒಣಗಿದಮೇಲೆ ಡಿಸ್ಕ್ ಹೊಡೆದು ಚರೆಯನ್ನು 20–25 ಸೆಂಟಿಮೀಟರ್ ಕೆಳಗೆ ಇಳಿಸುವುದು ಉದ್ದೇಶ. ಒಮ್ಮೆ ಮಾಡಿದರೆ ಮೇಲಿನ ಪದರದಲ್ಲಿ ಚರೆ ಗಣನೀಯವಾಗಿ ಇಳಿಯುತ್ತದೆ. ಪ್ರತಿ ವರ್ಷ ಮಾಡಿದರೆ ಕೆಳಗೆ ಹೋದದ್ದು ಮತ್ತೆ ಮೇಲೆ ಬರುತ್ತದೆ! ಆದ್ದರಿಂದ ಒಂದು ಸಲ ಉತ್ತು, ಮತ್ತೆ 30 ಪೈಪು ತೋಡಿ, 0–10 ಪದರ ಎಣಿಸಿ, ಅಲ್ಲಿಗೆ ನಿಲ್ಲಿಸಿ. ಪೀಟ್ ನೆಲದಲ್ಲಿ, ಅಪರೂಪದ ಜಲಸಸ್ಯ ಇರುವಲ್ಲಿ, ಹುಲ್ಲಿನ ಬೇರು ನೆಲವನ್ನು ಹಿಡಿದಿಟ್ಟಿರುವಲ್ಲಿ ಉಳುಮೆ ಬೇಡವೇ ಬೇಡ. ಮಣ್ಣನ್ನೆಲ್ಲ ಬಗೆದು ಜರಡಿ ಹಿಡಿಯುವುದು ಶೂಟಿಂಗ್ ರೇಂಜಿನಂಥ ಚಿಕ್ಕ, ದಟ್ಟ ಜಾಗಕ್ಕೆ ಸರಿ. 6 ಹೆಕ್ಟೇರ್ ಜೌಗಿನಲ್ಲಿ ಮಾಡಿದರೆ ಚರೆಯ ಜತೆಗೆ ಜೌಗೂ ಹೋಗುತ್ತದೆ.

ಜತೆಗೆ ಹರಳು. ಹರಳಿನ ಬರ ಇರುವ ಜೇಡಿ ತಳದಲ್ಲಿ ಬಾತು ಚರೆಯನ್ನು ಹೆಚ್ಚು ನುಂಗುತ್ತದೆ. 1–3 ಮಿಲಿಮೀಟರಿನ ಗಟ್ಟಿ ಮರಳುಹರಳನ್ನು ಹಕ್ಕಿ ಕೂರುವ ದಡದಲ್ಲಿ, ಚರೆವಲಯದಿಂದ ದೂರ, ಗುಡ್ಡೆ ಹಾಕಿ. ಸ್ವಲ್ಪ ಸುಣ್ಣಕಲ್ಲಿನ ಹರಳೂ ಬೆರೆಸಬಹುದು, ಅದು ಜಠರದ ಆಮ್ಲವನ್ನು ತುಸು ತಗ್ಗಿಸುತ್ತದೆ. ಇದು ಪೂರಕ ಮಾತ್ರ, ಇದನ್ನೊಂದೇ ನೆಚ್ಚಬೇಡಿ. ಹಕ್ಕಿಗೆಂದು ಕಾಳು ಎರಚುವ ಅಭ್ಯಾಸವಿದ್ದರೆ, ಅದರಲ್ಲೂ ಜೋಳ, ನಿಲ್ಲಿಸಿ. ಏಕೆಂದು ಪಕ್ಷಿರೋಗ ಮೇಲೆ ಬರೆದಿದ್ದಾರೆ.

ಕಳೇಬರಗಳನ್ನು ಎರಡು ಮೂರು ದಿನಕ್ಕೊಮ್ಮೆ ಜೊಂಡಿನೊಳಗೂ ಹೊಕ್ಕು ಎತ್ತಿ. ಬಡಕಲಾಗಿ ನಿಧಾನವಾದ ಹಕ್ಕಿಯನ್ನು ಹದ್ದು ಸುಲಭವಾಗಿ ಹಿಡಿಯುತ್ತದೆ, ಗಿಜರ್ಡಿನ ಚರೆಯೂ ಅದರ ಹೊಟ್ಟೆಗೆ. ಅಮೆರಿಕದಲ್ಲಿ ಜಲಪಕ್ಷಿ ಬೇಟೆಗೆ ಸೀಸ ನಿಂತದ್ದರ ಹಿಂದೆ ಬೋಳು ಹದ್ದುಗಳ ಈ ಸಾವುಗಳದ್ದೂ ದೊಡ್ಡ ಪಾಲು.

ನಳಿಗೆ

ನಾಲ್ಕನೇ ಪ್ರಶ್ನೆ. ಬೇಟೆಯವರ ಎರಡೂ ಆತಂಕಗಳಿಗೆ ಬುಡ ಇದೆ. ತಳ್ಳಿಹಾಕಿದರೆ ಅವರು ಕೇಳುವುದಿಲ್ಲ, ಲೆಕ್ಕ ಕೊಟ್ಟರೆ ಕೇಳುತ್ತಾರೆ.

ಚರೆಯ ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.1 ಗ್ರಾಂ, ಉಕ್ಕಿನದು 7.8. ಒಂದೇ ಗಾತ್ರದ ಉಕ್ಕಿನ ಚರೆ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ. ಒಂದೇ ತೂಕ ಬರಬೇಕಾದರೆ ವ್ಯಾಸ 12% ಹೆಚ್ಚಬೇಕು. ದೊಡ್ಡದಾದಾಗ ಗಾಳಿಯ ತಡೆಯೂ ಹೆಚ್ಚುವುದರಿಂದ ಇನ್ನೂ ತುಸು ಸೇರಿಸಿ, ಸುಮಾರು 18%. "ಎರಡು ನಂಬರ್ ದಪ್ಪ ತಗೊಳ್ಳಿ" ಎಂಬ ಮಾತಿನ ಮೂಲ ಇದು. 2.8 ಮಿಲಿಮೀಟರ್ ಸೀಸ ಬಳಸುತ್ತಿದ್ದವರಿಗೆ 3.3 ಮಿಲಿಮೀಟರ್ ಉಕ್ಕು. ದೊಡ್ಡ ಬಾತಿಗೆ 3.5–3.8. ನಂಬರ್ ಹೇಳಬೇಡಿ, ಮಿಲಿಮೀಟರ್ ಹೇಳಿ: ಅಮೆರಿಕದ 6ನೇ ನಂಬರ್ 2.8 ಮಿಲಿಮೀಟರ್, ಬ್ರಿಟನ್ನಿನ 6ನೇ ನಂಬರ್ 2.6. ಇದೊಂದೇ ಗೊಂದಲದಿಂದ ತಪ್ಪು ತೋಟಾ ಕೊಂಡು "ಉಕ್ಕು ಪ್ರಯೋಜನವಿಲ್ಲ" ಎನ್ನುವವರು ಬಹಳ.

ಗಾಯದ ಪ್ರಶ್ನೆಗೆ ಉತ್ತರ ದೂರದಲ್ಲಿದೆ. 35 ಮೀಟರ್ ದಾಟಿದಮೇಲೆ ಹೊಡೆಯಬಾರದು, ಉಕ್ಕಾದರೂ ಸೀಸವಾದರೂ. ಡೆನ್ಮಾರ್ಕಿನಲ್ಲಿ 1990ರ ದಶಕದ ಆರಂಭದಲ್ಲಿ ಗುಲಾಬಿಪಾದದ ಹೆಬ್ಬಾತುಗಳನ್ನು ಹಿಡಿದು ಎಕ್ಸ್‌ರೇ ತೆಗೆದಾಗ ವಯಸ್ಕ ಹಕ್ಕಿಗಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚಿನವು ಮೈಯಲ್ಲಿ ಚರೆ ಹೊತ್ತಿದ್ದವು. ಅಲ್ಲಿ ದೂರದ ಶಿಸ್ತಿನ ಮೇಲೆ ಒತ್ತಿ ಪ್ರಚಾರ ಮಾಡಿದಮೇಲೆ ಆ ಪಾಲು ಇಳಿಯಿತು. ಅಭ್ಯಾಸಕ್ಕೆ: 35 ಮೀಟರಿನಲ್ಲಿ ದೊಡ್ಡ ಕಾಗದ ಕಟ್ಟಿ ಐದು ಗುಂಡು, ಪ್ರತಿಯೊಂದಕ್ಕೂ ಹೊಸ ಕಾಗದ. ಏಟು ದಟ್ಟವಾಗಿರುವಲ್ಲಿ 75 ಸೆಂಟಿಮೀಟರ್ ವ್ಯಾಸದ ವೃತ್ತ ಎಳೆದು ಎಣಿಸಿ. ದೊಡ್ಡ ಬಾತಿಗೆ ಸರಾಸರಿ 90 ಏಟಾದರೂ ಬೇಕು. ಬರದಿದ್ದರೆ ಚೋಕ್ (ನಳಿಗೆಯ ತುದಿಯ ಕಿರಿದಾದ ಭಾಗ) ಅಥವಾ ತೋಟಾ ಬದಲಿಸಿ, ಅಥವಾ ದೂರ ಕಡಿಮೆ ಮಾಡಿ.

ಕೋವಿ ಹಾಳಾಗುವ ಮಾತು. ಸೀಸ ಚೋಕಿನಲ್ಲಿ ಹಿಸುಕಿಕೊಂಡು ಹೋಗುತ್ತದೆ, ಉಕ್ಕು ಹಿಸುಕಿಕೊಳ್ಳುವುದಿಲ್ಲ. ದಪ್ಪ ಉಕ್ಕಿನ ಚರೆಯನ್ನು ಪೂರ್ಣ ಚೋಕಿನಲ್ಲಿ ಹೊಡೆದರೆ ನಳಿಗೆಯ ತುದಿಯಲ್ಲಿ ಉಂಗುರದಂತೆ ಉಬ್ಬು ಬರಬಹುದು. ಕೋವಿ, ತೋಟಾಗಳ ಸುರಕ್ಷತಾ ಪರೀಕ್ಷೆಗೆ ಯುರೋಪಿನಲ್ಲಿ ಬಳಸುವ ಸಿಐಪಿ ನಿಯಮದ ಪ್ರಕಾರ 12 ಬೋರಿನ ಸಾಮಾನ್ಯ ಉಕ್ಕಿನ ತೋಟಾದಲ್ಲಿ ಚರೆ 3.25 ಮಿಲಿಮೀಟರ್ ಮೀರುವಂತಿಲ್ಲ. ಅದನ್ನು ಗಟ್ಟಿಮುಟ್ಟಾದ ಆಧುನಿಕ ಕೋವಿಯಲ್ಲಿ ಬಳಸಬಹುದು. ಅದಕ್ಕಿಂತ ದಪ್ಪದ್ದು ಹೆಚ್ಚು ಒತ್ತಡದ ತೋಟಾ, ನಳಿಗೆಯ ಮೇಲೆ ಉಕ್ಕಿನ ಪರೀಕ್ಷೆಯ ಲಿಲ್ಲಿ ಹೂವಿನ ಮುದ್ರೆ ಇದ್ದರಷ್ಟೇ. 4 ಮಿಲಿಮೀಟರ್ ಮೀರಿದರೆ ಚೋಕ್ ಅರ್ಧಕ್ಕಿಂತ ಬಿಗಿ ಇರಬಾರದು. ಉಕ್ಕಿನ ಚರೆ ಹತ್ತಿರ ಹತ್ತಿರವಾಗಿಯೇ ಹಾರುತ್ತದಾದ್ದರಿಂದ ಕಾಲು ಚೋಕ್ ಸಾಕಾಗುತ್ತದೆ.

ಡಮಾಸ್ಕಸ್ ನಳಿಗೆ (ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ಹಳೆಯ ಬಗೆ), ತೆಳು ಹಳೆಯ ನಳಿಗೆಗಳಿಗೆ ಉಕ್ಕು ಬೇಡ. ಅವುಗಳಿಗೆ ಬಿಸ್ಮತ್ ಚರೆ: ಸಾಂದ್ರತೆ 9.6ರ ಸುಮಾರು, ಮೆತ್ತಗೆ, ಒಂದು ನಂಬರ್ ದಪ್ಪ ಸಾಕು. ತೋಟಾದ ಉದ್ದ ಮತ್ತು ಒತ್ತಡ ಆ ಕೋವಿಯ ಮಿತಿಯೊಳಗಿರಲಿ.

ಮೋಸಹೋಗುವ ಎರಡು ಸರಕು: ತಾಮ್ರ ಅಥವಾ ನಿಕ್ಕಲ್ ಲೇಪಿಸಿದ ಸೀಸ. ಹೊರಗೆ ಥಳಥಳಿಸುತ್ತದೆ, ಗಿಜರ್ಡಿನಲ್ಲಿ ಲೇಪ ಕೆಲವೇ ದಿನ. ಇನ್ನೊಂದು ಸತುವಿನ ಚರೆ. ಅದೂ ಬಾತಿಗೆ ವಿಷವೇ. ಹಾಗೆಯೇ ಉಪ್ಪುನೀರಿನಲ್ಲಿ ನೆಂದ ಉಕ್ಕಿನ ತೋಟಾ ಎಸೆದುಬಿಡಿ. ಒಳಗೆ ಚರೆ ತುಕ್ಕು ಹಿಡಿದು ಒಂದೇ ಮುದ್ದೆಯಾಗುತ್ತದೆ, ಆಗ ಅದು ನಳಿಗೆಗೂ ಮುಂದೆ ನಿಂತವರಿಗೂ ಅಪಾಯ. ಉಕ್ಕಿನ ಚರೆ ಬಂಡೆಯಿಂದ, ನೀರಿನ ಮೇಲಿಂದ ಹೆಚ್ಚು ಪುಟಿಯುತ್ತದೆಂಬುದನ್ನೂ ಹೇಳಿ. ಉಕ್ಕಿನ ತೋಟಾದೊಳಗಿನ ದಪ್ಪ ಪ್ಲಾಸ್ಟಿಕ್ ಬಟ್ಟಲು ಜೌಗಿನಲ್ಲೇ ಬೀಳುತ್ತದೆ. ಕರಗುವ ಬಟ್ಟಲಿನ ತೋಟಾಗಳು ಈಗ ಸಿಗುತ್ತವೆ, ಅವನ್ನೇ ಕೇಳಿ.

ಮೂರುಹಾದಿ

ಪಕ್ಕದ ಜೌಗಿನವರ ಜತೆ ಮಾತಾಡುವಾಗ ಉಪಯೋಗಕ್ಕೆ ಬರುವ ಕೆಲವು ಸಂಗತಿ. ಅಮೆರಿಕದ ಜಲಪಕ್ಷಿ ತಜ್ಞ ಫ್ರಾಂಕ್ ಬೆಲ್‌ರೋಸ್ 1959ರಲ್ಲೇ ಉತ್ತರ ಅಮೆರಿಕದ ಜಲಪಕ್ಷಿಗಳಲ್ಲಿ ವರ್ಷಕ್ಕೆ 2–3% ಸೀಸದಿಂದ ಸಾಯುತ್ತವೆ ಎಂದು ಅಂದಾಜಿಸಿದ್ದರು. ಅಲ್ಲಿ ಜಲಪಕ್ಷಿ ಬೇಟೆಗೆ ಸೀಸ ದೇಶಾದ್ಯಂತ ನಿಂತದ್ದು 1991ರಲ್ಲಿ. ಆಮೇಲೆ ಮಿಸಿಸಿಪಿ ಹಾರುದಾರಿಯ (ಆ ನದಿ ಕಣಿವೆಯ ವಲಸೆ ಮಾರ್ಗದ) ಗಿಜರ್ಡುಗಳನ್ನು ಪರೀಕ್ಷಿಸಿದವರು ಮಲ್ಲಾರ್ಡ್‌ಗಳ ಸೀಸದ ಸಾವು 64% ಇಳಿದಿದೆ ಎಂದು ಲೆಕ್ಕ ಹಾಕಿದರು. ನಿಷೇಧ ಫಲ ಕೊಡುತ್ತದೆ, ಪಾಲಿಸಿದರೆ.

ಈ "ಪಾಲಿಸಿದರೆ" ಎಂಬುದರಲ್ಲೇ ಎಲ್ಲ ಇದೆ. ಆಫ್ರಿಕ-ಯುರೇಷಿಯ ವಲಸೆ ಜಲಪಕ್ಷಿಗಳ ಒಪ್ಪಂದ, ಎಇಡಬ್ಲ್ಯುಎ, 1995ರಲ್ಲಿ ಆಯಿತು, 1999ರ ನವೆಂಬರಿನಿಂದ ಜಾರಿ. ಜೌಗುಗಳಲ್ಲಿ ಸೀಸದ ಚರೆಯನ್ನು 2000ದ ಹೊತ್ತಿಗೆ ಬಿಡಿಸುವ ಪ್ರಯತ್ನ ಆಗಬೇಕೆಂದು ಅದರ ಕಾರ್ಯಯೋಜನೆಯಲ್ಲಿತ್ತು. ಇಂಗ್ಲೆಂಡ್ 1999ರಲ್ಲಿ ಕಾನೂನು ತಂದಿತು: ಇಂಥ ಜಾಗದಲ್ಲಿ ಬೇಡ, ಇಂಥ ಜಾತಿಗೆ ಬೇಡ. ಸೀಸದ ತೋಟಾ ಮಾರಾಟ ಮಾತ್ರ ಹಾಗೇ ನಡೆಯಿತು. ಹತ್ತು ವರ್ಷ ಕಳೆದಮೇಲೆ ಅಂಗಡಿಗಳಿಂದ ಬಾತು ಕೊಂಡು ಮೈಯೊಳಗಿನ ಚರೆ ತೆಗೆದು ನೋಡಿದರೆ 70% ಸೀಸದಿಂದಲೇ ಬಿದ್ದಿದ್ದವು. ಡೆನ್ಮಾರ್ಕ್ 1996ರಲ್ಲಿ ಜಾಗ, ಜಾತಿ ನೋಡದೆ ಸೀಸದ ಚರೆಯನ್ನೇ ಪೂರ್ತಿ ನಿಲ್ಲಿಸಿತು. ಅಲ್ಲಿ ಪಾಲನೆ ಬಹಳ ಚೆನ್ನಾಗಿದೆ. ಜೇಬಿನಲ್ಲಿ ಎರಡು ಬಗೆಯ ತೋಟಾ ಇಟ್ಟುಕೊಳ್ಳಲು ಅವಕಾಶ ಕೊಟ್ಟ ನಿಯಮ ಜಾರಿಗೆ ಬರುವುದಿಲ್ಲ. ಯುರೋಪಿನ ಒಕ್ಕೂಟ ಇದನ್ನು ಗಮನಿಸಿಯೇ ನಿಯಮ ಬರೆದಿದೆ: 2023ರ ಫೆಬ್ರುವರಿ 15ರಿಂದ ಜೌಗಿನಲ್ಲೂ ಅದರ ಸುತ್ತ 100 ಮೀಟರಿನೊಳಗೂ ಸೀಸದ ಚರೆ ಹಾರಿಸುವಂತಿಲ್ಲ, ಅಲ್ಲಿ ಬೇಟೆಗೆ ಹೊರಟವರು ಜತೆಗೆ ಒಯ್ಯುವಂತೆಯೂ ಇಲ್ಲ.

ಸ್ವಯಂಪ್ರೇರಣೆಯಿಂದ ಬಿಡುತ್ತೇವೆ ಎಂದರೆ ಒಪ್ಪಿಕೊಳ್ಳಿ, ಅಳತೆಯ ಷರತ್ತು ಹಾಕಿ. 2020ರಲ್ಲಿ ಬ್ರಿಟನ್ನಿನ ಬೇಟೆ ಸಂಘಟನೆಗಳು ಐದು ವರ್ಷದಲ್ಲಿ ಸೀಸ ಬಿಡುತ್ತೇವೆಂದವು. ಮೂರನೇ ಋತುವಿನಲ್ಲೂ ಪರೀಕ್ಷಿಸಿದ ಫೆಸೆಂಟ್ ಹಕ್ಕಿಗಳಲ್ಲಿ 94% ಸೀಸದಿಂದಲೇ ಬಿದ್ದವು. ನಿಮ್ಮ ನೆರೆಯವರಿಗೂ ಇದೇ ಅಳತೆ ಇಡಿ: ಋತುವಿಗೆ 50 ಬಾತಿನ ಮೈಯಿಂದ ಚರೆ ತೆಗೆದು, ಅಯಸ್ಕಾಂತ ಮತ್ತು ಬ್ಲೇಡಿನ ಪರೀಕ್ಷೆ ಮಾಡಿ, ಅಂಕಿಯನ್ನು ಅವರ ಸಭೆಯಲ್ಲೇ ಓದಿ. ಅವರು ಅದೇ ಹಕ್ಕಿಗಳ ಗಿಜರ್ಡ್ ಕೊಟ್ಟರೆ ನುಂಗಿದ ಚರೆಯ ಪಾಲೂ ಗೊತ್ತಾಗುತ್ತದೆ.

ಹಿನ್ನೀರು

ಎಲ್ಲರಿಗೂ ಕೃತಜ್ಞತೆ. ಕೊನೆಯದೊಂದು: ಹಾರಲಾರದ ಹಕ್ಕಿ ಜೀವಂತ ಸಿಕ್ಕರೆ ಉಳಿಸುವುದು ಸಾಧ್ಯವೇ?

ಪಕ್ಷಿರೋಗ

ಕೆಲವನ್ನು ಸಾಧ್ಯ. ಪಕ್ಷಿಗಳನ್ನು ಬಲ್ಲ ಪಶುವೈದ್ಯರ ಕೈಯಲ್ಲಿ ಮಾತ್ರ, ಕ್ರಮ ತಪ್ಪದೆ. ಮೊದಲು ಎಕ್ಸ್‌ರೇ. ಗಿಜರ್ಡಿನಲ್ಲಿ ಚರೆ ಇದ್ದರೆ ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಕೊಳವೆ ಹಾಕಿ, ತಲೆ ಕೆಳಗಾಗಿ ಹಿಡಿದು ಬೆಚ್ಚಗಿನ ನೀರಿನಿಂದ ತೊಳೆದು ಹೊರತೆಗೆಯುತ್ತಾರೆ. ಮತ್ತೆ ಎಕ್ಸ್‌ರೇ, ಒಂದೂ ಉಳಿದಿಲ್ಲವೆಂದು ಖಾತ್ರಿಗೆ. ಸೀಸವನ್ನು ಕಟ್ಟಿ ಹೊರಹಾಕುವ ಕ್ಯಾಲ್ಸಿಯಂ ಇಡಿಟಿಎ ಚುಚ್ಚುಮದ್ದು ಕೊಟ್ಟೂ ಚರೆಯನ್ನು ಒಳಗೇ ಬಿಟ್ಟರೆ, ಒಂದು ಕಡೆ ಔಷಧ ತೆಗೆದದ್ದನ್ನು ಇನ್ನೊಂದು ಕಡೆ ಚರೆ ತುಂಬುತ್ತಿರುತ್ತದೆ. ಆ ಔಷಧವನ್ನು ಬಾಯಿಂದ ಕೊಟ್ಟರಂತೂ ಕರುಳಿನಿಂದ ಸೀಸ ಹೀರುವುದು ಹೆಚ್ಚಾಗಬಹುದು. ಬಾಯಿಂದ ಕೊಡಲು ಡಿಎಂಎಸ್‌ಎ ಎಂಬ ಬೇರೆ ಔಷಧ ಇದೆ.

ಚಿಕಿತ್ಸೆ ಮುಗಿದ ದಿನದ ರಕ್ತ ಪರೀಕ್ಷೆಯನ್ನು ನಂಬಬೇಡಿ. ಮೂಳೆಯಲ್ಲಿ ಕೂತ ಸೀಸ ನಿಧಾನವಾಗಿ ರಕ್ತಕ್ಕೆ ಮರಳುತ್ತದೆ, ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಆಗಲೂ 20ಕ್ಕಿಂತ ಕಡಿಮೆಯಿದ್ದು, ತೂಕ ಮರಳಿ, ಪಂಜರದಲ್ಲಿ ಸರಾಗ ಹಾರಿದರೆ ಬಿಡಬಹುದು. ಕಾಲಿಗೆ ಬಳೆ ಹಾಕಿಸಿ. ನೀರು ಏರಿಸುವ ಮೊದಲು ಅದೇ ಜೌಗಿಗೆ ಮಾತ್ರ ಬಿಡಬೇಡಿ; ಬೇಟೆಯ ಇತಿಹಾಸವಿಲ್ಲದ, ಅದೇ ಜಾತಿಯ ಹಿಂಡು ಈಗಾಗಲೇ ಮೇಯುತ್ತಿರುವ ಬೇರೆ ನೀರಿಗೆ, ಬೆಳಗಿನ ಹೊತ್ತು ಬಿಡಿ.